ಮಳೆ ಬಂದಿರಲಿಲ್ಲ

ತ್ಬಿಲಿಸಿಯ ಸೊಲೊಲಾಕಿ ಬೀದಿ, ಐದನೆಯ ಮಹಡಿ.
ಲಿಫ್ಟಿಗೆ ನಾಣ್ಯ ಹಾಕಬೇಕು, ನನ್ನಲ್ಲಿರಲಿಲ್ಲ.
ಏದುಸಿರು ಬಿಡುತ್ತಲೇ ಹತ್ತಿ ಹೋಗಿ
ಹನ್ನೊಂದು ಹಾಳೆಯ ಕತೆಯನ್ನು ಲಮಾರಾ ಕೈಗಿತ್ತೆ.
ಮೂವತ್ತು ವರ್ಷ ಪರರ ವಾಕ್ಯ ತಿದ್ದಿ
ನಿವೃತ್ತಳಾದವಳು. ಚಾಕುವಿನಲ್ಲಿ ಪೆನ್ಸಿಲ್ ಹೆರೆಯುತ್ತ,
ಸಿಪ್ಪೆಯನ್ನು ಮಡಿಲಿಗೇ ಉದುರಿಸಿಕೊಳ್ಳುತ್ತ
ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು:

"ಅಪ್ಪ ಸತ್ತ ದಿನ ಆಕಾಶವೂ ಅತ್ತಿತು."

ಅವತ್ತು ಮಳೆ ಬಂದಿತ್ತೇನು?
ಇಲ್ಲ.
ಮತ್ತೆ ಊರನ್ನೇಕೆ ನೆನೆಸಿದೆ?

ಒಂದೇ ಗೆರೆಗೆ ಆಕಾಶ ಹೋಯಿತು.
ಆಮೇಲೆ ಬೆಟ್ಟ. ಆಮೇಲೆ ಮ್ಟ್‌ಕ್ವಾರಿ ನದಿ,
ಅದರ ಮೇಲೆ ನಾನು ಹಾಸಿದ್ದ ಬೆಳದಿಂಗಳು.
ಎದೆಯೊಳಗೊಂದು ಹಕ್ಕಿ ಇತ್ತು; ಯಾವ ಹಕ್ಕಿ ಎಂದಳು,
ಗೊತ್ತಿಲ್ಲ ಎಂದೆ,
ಹಾರಿಹೋಯಿತು.

ನಾಲ್ಕನೆಯ ಹಾಳೆಯ ತಳಕ್ಕೆ ಬಂದು ತಡೆದಳು:
"ಬ್ರೆಡ್ಡಿನ ಸಾಲಿನಲ್ಲಿ ಅಪ್ಪನ ನಂಬರು ಇನ್ನೂರ ಹದಿನೇಳು.
ಅಂಗೈ ಮೇಲೆ ನೀಲಿ ಶಾಯಿಯಲ್ಲಿ ಬರೆದಿದ್ದರು."
ಇಲ್ಲಿಂದ ಶುರು ಮಾಡು.
ಇದಕ್ಕೆ ಮೊದಲಿನದೆಲ್ಲ ನೀನು
ಗಂಟಲು ಸರಿಮಾಡಿಕೊಂಡದ್ದು.

ಸಿಟ್ಟು ಬಂತು. ಅಳುವೂ.
ಅವಳು ಚುರ್ಚ್‌ಖೇಲಾ ಕೊಯ್ದು ಕೊಟ್ಟಳು:
ದ್ರಾಕ್ಷಿ ರಸದಲ್ಲಿ ಅದ್ದಿ, ಒಣಗಿಸಿ,
ಮತ್ತೆ ಅದ್ದಿದ ಅಕ್ರೋಟಿನ ಸರ.
ಒಳಗಿನ ನೂಲು ಹಲ್ಲಿಗೆ ಸಿಕ್ಕಿತು.
ಇದನ್ನೊಂದು ಉಪಮೆ ಮಾಡಿ ತಂದುಬಿಡಬೇಡ ಮತ್ತೆ, ಎಂದಳು.
ಮಾಡಿಯಾಗಿತ್ತು, ಮನಸ್ಸಿನಲ್ಲಿ.

ಏಳನೆಯ ಹಾಳೆ: "ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು."
ಅಳಲಿ. ಕೈಗಳೇನು ಮಾಡುತ್ತಿದ್ದವು?
ಆಗ ನನಗೆ ಆರು ವರ್ಷ, ಎಂದೆ. ಕೈಗಳು ನೆನಪಿಲ್ಲ.
ನೀನು ನೆನೆಸಿದ್ದು ಸಾಕು.
ನೆನೆಯುವವಳು ಬದುಕಿದ್ದಾಳಲ್ಲ,
ಹೋಗಿ ಕೇಳು.

ಗ್ಲದಾನಿಯ ಒಂಬತ್ತನೆಯ ಮಹಡಿ.
ಅಮ್ಮ ತಟ್ಟೆಯಲ್ಲಿ ಕೆಂಪು ಅವರೆಯ ಕಲ್ಲು ಆರಿಸುತ್ತಿದ್ದಳು.
ಇಪ್ಪತ್ತೆರಡು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದೆ.
ಕಾಳಿನ ನಡುವೆ ಬೆರಳು ನಿಂತಿತು.

ಅತ್ತೆನೆ? ಯಾರು ಹೇಳಿದರು ನಿನಗೆ?
ಕರೆಂಟಿರಲಿಲ್ಲ. ಲಿಫ್ಟಿರಲಿಲ್ಲ.
ಆರನೆಯ ಮಹಡಿಯ ಮೆಟ್ಟಿಲಲ್ಲಿ ಕುಸಿದ ಜುಂಬೆರನನ್ನು
ಕೆಳಗಿನ ಮನೆಯ ಹುಡುಗರು ಹೊತ್ತು ತಂದರು.
ಕೋಟಿನೊಳಗೆ ಬ್ರೆಡ್ಡಿತ್ತು.
ಇನ್ನೂ ಬಿಸಿಯಿತ್ತು.
ನೀನು ಬೆಳಗಿನಿಂದ ಏನೂ ತಿಂದಿರಲಿಲ್ಲ.
ಮುರಿದೆ. ನಿನಗೆ ಕೊಟ್ಟೆ.
ಉಳಿದದ್ದನ್ನು ನಾನು ತಿಂದೆ.
ಮೊದಲು ತಿಂದೆ ಕಣೇ,
ಆಮೇಲೆ ಕನ್ನಡಿಗೆ ಬಟ್ಟೆ ಹೊದಿಸಿದೆ.

ಮತ್ತೆ ತಟ್ಟೆಗೆ ಬಗ್ಗಿದಳು.
ಸಿಕ್ಕ ಒಂದು ಕಲ್ಲನ್ನು
ತುಂಬ ಹೊತ್ತು ಹಿಡಿದುಕೊಂಡೇ ಇದ್ದಳು.

ಹನ್ನೊಂದು ಹಾಳೆ ಎರಡೂವರೆಗಿಳಿಯಿತು.
ಲಮಾರಾಳ ಪೆನ್ಸಿಲ್ ಕೊನೆಯ ಸಾಲಿನವರೆಗೆ
ಗಾಳಿಯಲ್ಲೇ ಇತ್ತು.
"ಬ್ರೆಡ್ಡಿನಲ್ಲಿ ಅಪ್ಪನ ಪ್ರೀತಿಯ ಬಿಸಿ ಇತ್ತು."
ಎರಡು ಪದ ಹೊಡೆದಳು.
ಬ್ರೆಡ್ಡಿನಲ್ಲಿ ಬಿಸಿ ಇತ್ತು.
ಅಷ್ಟೆ.
ನನಗೂ ಈಗ ಅದು ಅಷ್ಟೇ ಅನ್ನಿಸಿತು, ಅಷ್ಟಕ್ಕೇ
ಹೊಟ್ಟೆಯಲ್ಲೇನೋ ತಿರುವಿದಂತಾಯಿತು.

ಸರಿ, ಎಂದಳು, ಅಮ್ಮ ಓದಿದಳೇ?
ಇಲ್ಲ.
ಹಾಗಾದರೆ ಇದಿನ್ನೂ ಮುಗಿದಿಲ್ಲ.
ಹಾಳೆಗಳನ್ನು ನನ್ನ ಕಡೆಗೇ ತಳ್ಳಿ
ಮಡಿಲಿನ ಸಿಪ್ಪೆ ಕೊಡವಿ ಎದ್ದು ಹೋದಳು
ಟೀಗೆ ನೀರಿಡಲು.

ಮೂರು ವಾರ ಚೀಲದಲ್ಲೇ ಹೊತ್ತು ತಿರುಗಿದೆ.
ಕೊನೆಗೊಂದು ಭಾನುವಾರ, ಊಟವಾದ ಮೇಲೆ,
ಎಣ್ಣೆ ಮೆತ್ತಿದ ಮೇಜಿನ ಮೇಲಿಟ್ಟೆ.

ಅಮ್ಮ ಕೈ ತೊಳೆದು ಬಂದಳು.
ಕನ್ನಡಕ ಹುಡುಕಿದಳು.
ತುಟಿ ಅಲ್ಲಾಡಿಸುತ್ತ ಓದಿದಳು, ಬೆರಳು ಸಾಲಿನ ಕೆಳಗೆ,
ಗ್ಯಾಸಿನ ಬಿಲ್ಲು ಓದುವ ಹಾಗೆ.
ಎರಡನೆಯ ಹಾಳೆಯಲ್ಲಿ ಬೆರಳು ನಿಂತಿತು.
ಪೆನ್ಸಿಲ್ ಇದೆಯಾ, ಎಂದಳು.

ಕೊಟ್ಟೆ.
"ಉಳಿದದ್ದನ್ನು ಅಮ್ಮ ತಿಂದಳು" ಎಂದಿದ್ದಲ್ಲಿ
ಮೊದಲ ಪದಕ್ಕೆ ಗೆರೆ ಎಳೆದು,
ಮೇಲೆ ಸೊಟ್ಟಗೆ, ಮಕ್ಕಳು ಅಕ್ಷರ ತಿದ್ದುವಂತೆ,
ಒತ್ತಿ ಒತ್ತಿ ಬರೆದಳು:

ದೊಡ್ಡ ತುಂಡನ್ನು.