ಎಡಗಡಿ ಹಾರ್ನ್

ಔರಾದದಾಗ ಮೈಕ್ ಅಂದ್ರ ನಾವೇ.
ನಾನು, ಘಾಳೆಪ್ಪ. ಇಪ್ಪತ್ತೆರಡು ವರ್ಷ.
ಆಂವ ಕಂಬ ಏರಿ ಹಾರ್ನ್ ಕಟ್ತಿದ್ದ,
ನಾ ಕೆಳಗ ಆಂಪ್ಲಿಫೈಯರ್ ಮುಂದ ಕುಂಡರ್ತಿದ್ದೆ.
ಯಾವ ಪಾರ್ಟಿ ಆದ್ರೂ ಒಂದೇ ಬಾಡಿಗಿ.
ಡೀಸೆಲ್ ಅವರದು, ಚಹಾ ಅವರದು,
ಧ್ವನಿ ನಮ್ಮದು.

ಮಾತು ಎಂಥಾದ್ದಂತ ನಾ ನೋಡಂಗಿಲ್ಲ.
ವೈಜಿನಾಥರಾವ ಸಾಹೇಬ್ರಿಗೆ ಬಾಸ್ ಜರಾ ಇಳಿಸಬೇಕು,
ಇಲ್ಲಂದ್ರ ಎದಿಯೊಳಗಿನ ಕಫಾನೂ ಭಾಷಣ ಮಾಡ್ತದ.
ಇಂದುಮತಿಬಾಯಿ ಮೈಕ್ ನುಂಗೂವಂಗ ಹಿಡೀತಾರ,
‘ಪ’ ಬಂತಂದ್ರ ಪಟಾಕಿ.

ಅವತ್ತ ಎಲ್ಲಾರೂ ಒಂದೇ ಸ್ಟೇಜಿನ ಮ್ಯಾಲ.
ವ್ಯಾಪಾರಿ ಸಂಘದವರು ಕರೆಸಿದ್ರು,
ತಾಲೂಕಾ ದವಾಖಾನಿ ಗ್ವಾಡಿಗೆ ಹಚ್ಚಿ ಪೆಂಡಾಲು,
‘ನಮ್ಮ ಆರೋಗ್ಯ, ನಿಮ್ಮ ನಿಲುವು’ ಅಂತ ಬ್ಯಾನರು.
ಗುರುವಾರ. ಘಾಳೆಪ್ಪ ಬಂದಿರಲಿಲ್ಲ.
ಅಂದ್ರ, ಬಂದಿದ್ದ. ಗ್ವಾಡಿ ಆಚಿ ಕಡಿ,
ಡಯಾಲಿಸಿಸ್ ಖೋಲಿಯೊಳಗ, ಎರಡನೇ ಮಶೀನಿಗೆ.
ಒಂದನೇದಕ್ಕ ಚಾದರ ಹೊಚ್ಚಿ ಎಂಟು ತಿಂಗಳಾತು.

ಸಾಹೇಬ್ರು ಅಂದ್ರು: ಮನಿಗೊಂದು ಕಾರ್ಡ್ ಕೊಡ್ತೀನಿ,
ಹೈದರಾಬಾದಿಗೆ ಹೋಗ್ರಿ, ಲಾತೂರಿಗೆ ಹೋಗ್ರಿ,
ಯಾವ ದೊಡ್ಡ ಆಸ್ಪತ್ರಿ ಬಾಗಿಲಾನೂ ನಿಮಗ ಮುಚ್ಚಂಗಿಲ್ಲ.
ನನಗ ಘಾಳೆಪ್ಪನ ಕಾರ್ಡ್ ನೆನಪಾತು.
ಗುಟಖಾ ಪುಡಿಕಿಯಷ್ಟು ಸಣ್ಣ ಪ್ಲಾಸ್ಟಿಕ್ಕಿನಾಗ ಸುತ್ತಿ
ಎದಿ ಕಿಸೇದಾಗ ಇಡ್ತಾನ.
ಮಶೀನಿಗೆ ನಡೀತದ ಅದು.
ರಕ್ತ ಏರೂ ಇಂಜೆಕ್ಷನ್ನಿಗೆ ನಡಿಯಂಗಿಲ್ಲ,
ಬಸ್ಸಿನ ಕಂಡಕ್ಟರಗ ತೋರಿಸಿದ್ರ ನಗ್ತಾನ.

ಬಾಯಿಯವರು ಎದ್ದೇಬಿಟ್ರು, ಸರದಿ ಬರೂ ಮದಲೇ:
ಆ ಕಾರ್ಡಿನ ಪೈಸಾ ಯಾರ ಹೊಟ್ಟಿಗೆ ಹೋಗ್ತದ ಹೇಳ್ರಿ?
ಪ್ರೈವೇಟದವರು ಮಜಲಿನ ಮ್ಯಾಲ ಮಜಲು ಏರಿಸ್ತಾರ.
ಅದನ್ನೇ ಸರಕಾರಿ ದವಾಖಾನಿಗೆ ಸುರವ್ರಿ,
ಇನ್ನೂರು ಮಂಚ, ಎಲ್ಲಾ ಪುಕ್ಕಟ!
ಪಟಾಕಿ ಹಾರ್ತು. ಜನ ಚಪ್ಪಾಳಿ ಹೊಡದ್ರು.
ನಾನೂ ಒಂದು ಕೈಲೆ ತೊಡಿ ಬಡದೆ,
ಇನ್ನೊಂದು ಗುಂಡಿ ಮ್ಯಾಲಿತ್ತು.
ಆಮ್ಯಾಲ ಗ್ವಾಡಿ ಮ್ಯಾಲಿಂದ ಹೊಸ ಬಿಲ್ಡಿಂಗ್ ಕಾಣಿಸ್ತು.
ಮೂರು ವರ್ಷದ ಹಿಂದ ಅದರ ಉದ್ಘಾಟನಕ್ಕ
ಹಾರ್ನ್ ಕಟ್ಟಿದವರೂ ನಾವೇ.
ಕೀಲಿ ಯಾರ ಬಲ್ಲಿ ಅದನೋ.

ಝರೆಪ್ಪ ವಕೀಲ ಇಬ್ಬರಿಗೂ ನಕ್ಕ.
ಮಂಚ ಆತು, ಡಾಕ್ಟರ್ ಎಲ್ಲಿಂದ ತರ್ತೀರಿ?
ಮೆಡಿಕಲ್ ಕಾಲೇಜಿನವರಿಗೆ ಒಪ್ಪಿಸಿಬಿಡೋಣು, ಮೂವತ್ತು ವರ್ಷ,
ಅವರು ನಡಸ್ತಾರ, ನಾವು...
ದೂರ ನಿಂತು ಮಾತಾಡ್ತಾನ. ಉಳಿದದ್ದು ಗಾಳಿ ಒಯ್ತು.

ಖರೇ ಹೇಳ್ತೀನಿ, ಆಂಪ್ಲಿಫೈಯರ್ ಮುಂದ ಕುಂತವಗ
ಒಬ್ಬೊಬ್ಬರದೂ ಖರೇನೇ ಅನಸ್ತದ,
ಅವರು ಕುಂಡ್ರೂತನ.

ಆಗ ಕರೆಂಟ್ ಹೋತು.
ನಮ್ಮ ಜನರೇಟರ್ ನಡದಿತ್ತು, ಸ್ಟೇಜಿಗೆ ಗೊತ್ತೇ ಆಗಲಿಲ್ಲ.
ಗ್ವಾಡಿ ಮ್ಯಾಲ ಒಂದು ತಲಿ ಎದ್ದಿತು:
ಟೆಕ್ನಿಷಿಯನ್ ಶೋಭಾವತಿ. ಕಾಂಟ್ರಾಕ್ಟಿನಾಕಿ,
ನಾಕು ತಿಂಗಳಾತು ಪಗಾರ ಇಲ್ಲ.
‘ಅಣ್ಣಾ, ನಮ್ಮ ಜನರೇಟರ್ ಹತ್ತವಲ್ದು.
ಘಾಳೆಪ್ಪನ ರಕ್ತ ನಳಿಯೊಳಗ ನಿಂತದ,
ಆಯಾ ಕೈಲೆ ತಿರುವಲತ್ತಾಳ.’

ಎರಡಕ್ಕೂ ಲೋಡ್ ತಡಿಯಂಗಿಲ್ಲ.
ವಿಚಾರ ಮಾಡಿದ್ನೋ ಇಲ್ಲೋ ನೆನಪಿಲ್ಲ.
ಸ್ಟೇಜಿನ ಪ್ಲಗ್ ಕಿತ್ತೆ,
ವಾಯರ್ ಗ್ವಾಡಿ ಮ್ಯಾಲಿಂದ ಒಗದೆ.

ನಲವತ್ತು ನಿಮಿಷ.
ಮೂರು ಬಾಯಿ ಆಡೇ ಆಡ್ತಿದ್ವು,
ಮುಂದಿನ ಸಾಲಿನವರಿಗೆ ಏನರ ಕೇಳಿಸಿರಬೇಕು.
ಹಿಂದಿನವರು ಎದ್ದು ಮಿರ್ಚಿ ಭಜಿ ಬಂಡಿ ಕಡಿ ಹೋದ್ರು.
ಸಂಘದ ಸೆಕ್ರೆಟರಿ ನನ್ನ ಕಾಲರಿಗೆ ಕೈ ಹಾಕಲಾಕ ಬಂದಾಂವ
ವಾಯರ್ ಎಲ್ಲಿಗೆ ಹೋಗ್ಯದಂತ ನೋಡಿ ಇಳಿಸ್ದ.
ಬಾಡಿಗ್ಯಾಗ ಇನ್ನೂರೈವತ್ತು ಕಡದ.
ಅದು ಬ್ಯಾರೆ.

ಸಂಜಿಕ ಒಳಗ ಹೋದೆ.
ಬೆಳ್ಳನ್ನ ತುಟಿ, ಕೈಯಾಗ ಲೆಕ್ಕದ ಅರ್ಧ ಗ್ಲಾಸ್ ನೀರು,
ಕುಡಿಯವಲ್ಲ, ನೋಡ್ಲತ್ತಾನ.
ಕಿಡಕಿಯೊಳಗಿಂದ ಎಲ್ಲಾ ಕೇಳಿಸಿತ್ತಂತ.
‘ಯಾರು ಬರೋಬ್ಬರಿ ಮಾತಾಡಿದ್ರೋ?’ ಅಂದೆ.
ಭಾಳೊತ್ತು ಸುಮ್ಮನಿದ್ದ.
‘ಎಡಗಡಿ ಹಾರ್ನ್ ಹರೀಲತ್ತದ,’ ಅಂದ,
‘ಒಳಗ ವಾಯರ್ ಸಡ್ಲ ಆಗ್ಯದ. ಯಾರು ಕಟ್ಟಿದ್ರು?’

ನಾನೇ, ಅಂದೆ.

‘ಗೊತ್ತಾಗ್ತದ.’