ಸೊನ್ನೆಯಿಂದ ಭಾಗಿಸಿದಾಗ

ಟಾಂಪೆರೆಯ ಕಾಗದದ ಗಿರಣಿಯಲ್ಲಿ
ಕಂಪ್ಯೂಟರಿನೊಡನೆ ಮಾತಿಗೆಂದು
ರಾತ್ರಿಪಾಳಿಯ ಔಲಿಕ್ಕಿ ಗೀಚಿಕೊಂಡ ಭಾಷೆ.
ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಉತ್ತರ.
ತಪ್ಪೆಂದು ಗೊತ್ತಿತ್ತು; ಆದರೆ ಉರುಳೆ ನಿಂತರೆ
ಒದ್ದೆ ಹಾಳೆ ಹರಿದುಹೋಗುತ್ತಿತ್ತಲ್ಲ.

ಈಗ ಜಿನೀವಾದಲ್ಲಿ ಮೇಜಿನ ಸುತ್ತ ಹನ್ನೊಂದು ಮಂದಿ.
ಆರುನೂರು ಪುಟ, ಸಾಲುಸಾಲಿಗೂ
‘ತಕ್ಕದ್ದು’, ‘ತಕ್ಕದ್ದಲ್ಲ’.
ಆ ಸೊನ್ನೆಯ ಎದುರು ಮಾತ್ರ:
‘ಫಲಿತಾಂಶ ಅನಿರ್ದಿಷ್ಟ’.

ಕನ್ನಡಕ ಒರೆಸಿಕೊಂಡು ಓದುತ್ತಾಳೆ
ಮಗಳ ಪಾಸ್‌ಪೋರ್ಟ್ ಫೋಟೊ ನೋಡುವವಳಂತೆ:
ಕಿವಿ ಎರಡೂ ಕಾಣಬೇಕು,
ನಗಬಾರದು.

ಲಿಸ್ಬನ್ನಿನಲ್ಲೂ ಒಸಾಕಾದಲ್ಲೂ ಇನ್ನು ಒಂದೇ ಅರ್ಥ,
ಒಳ್ಳೆಯದೇ, ಅನ್ನುತ್ತಾಳೆ ತನಗೇ.
ಯಾರದು ಈ ಮುಖ?

“ಒಪ್ಪಿಗೆಯೇ?” ಅಂದ ಅಧ್ಯಕ್ಷ.
ಔಲಿಕ್ಕಿ ಕೈ ಎತ್ತಿದಳು
ಏನೋ ಕೇಳಲೆಂದು.

ಗುಮಾಸ್ತ ಅದನ್ನು
ಮತವೆಂದು ಬರೆದುಕೊಂಡ.