ಬೂಚು

ಕೀಲಿ ಎಲ್ಲೈತಿ ಅಂತ ಕೇಳಬ್ಯಾಡ, ಯಮನೂರ,
ಬೂಚು ಎಲ್ಲೈತಿ ಅಂತ ಕೇಳು.
ಎರಡನ್ನೂ ಒಂದ ದಾರಕ್ಕ ಕಟ್ಟೀನಿ.
ಬೂಚು ಹೊಗಿಕೊಳವಿ ಬಾಯಾಗ ಇದ್ರ
ಕೀಲಿನೂ ಅಲ್ಲೇ, ಬೋಟಿನ ಕುಂಡಿಗೆ ಜೋತಾಡ್ತಿರತೈತಿ.
ಬೂಚು ಕೀಳಲಾರದ ಕೀಲಿ ಕೈಗೆ ಬರೂದಿಲ್ಲ.
ಕಳ್ಳ ಒಯ್ದರ ಒಯ್ಯಲಿ,
ನೀರು ಒಯ್ಯಬಾರದು.

ಎಂಜಿನ್ನಿಗೆ ನೀರು ಮುಂದಿನಿಂದ ಬರೂದಿಲ್ಲ.
ಮುಂದ ಸಾಗುವಾನಿ ಹಲಿಗಿ, ಡಾಂಬರ, ಕಬ್ಬಿಣದ ಪಟ್ಟಿ;
ತೆರಿ ಬಂದು ಹಣಿ ಬಡಕೊಂಡು ಹೋಗತೈತಿ.
ಹಿಂದ, ಹೊಗಿ ಹೋಗೂ ದಾರಿಯೊಳಗ,
ಎಂಜಿನ್ ಉಸಿರು ಬಿಡೂಮಟ ಯಾರೂ ಕಾಲಿಡೂದಿಲ್ಲ.
ಉಸಿರು ನಿಂತಿತೋ,
ಕತ್ತಲಿ ಕೊಳವಿ, ಬೆಚ್ಚಗ, ಖಾಲಿ.
ನೀರಿಗೆ ಇನ್ನೇನು ಬೇಕು.

ಅದರ ಹೆಸರ ಹಿನ್ನೀರು.

ನಮ್ಮ ಕಿಲ್ಲಾದ ಮನಿಗೂ ಹಂಗ ಬಂತು.
ಮುಂಬಾಗಿಲಕ್ಕ ಉಸುಕಿನ ಚೀಲ ಒಟ್ಟಿ
ಅಪ್ಪ ಕಟ್ಟಿಮ್ಯಾಲ ಕಂದೀಲು ಹಿಡಕೊಂಡು ಕುಂತಿದ್ದ.
ಅದು ಬಚ್ಚಲದ ತೂಬಿನಿಂದ ಬಂತು,
ನಾವ ದಿನಾ ಹೊರಗ ಕಳಿಸಿದ ದಾರಿ ಹಿಡಕೊಂಡು,
ಸೀಗೀಪುಡಿ ವಾಸನಿ ಹೊತ್ತುಕೊಂಡು,
ಮನಿ ಗೊತ್ತಿದ್ದ ಬೀಗರಂಗ.
ಅವ್ವ ಇಳಕಲ್ ಸೀರಿ ಹರದು ಸುತ್ತಿ ತುರುಕಿದ್ಲು.
ಎರಡು ದಿನ ತಡೀತು.
ಎರಡು ದಿನದಾಗ ಬೀಸೂಕಲ್ಲು, ಬಾಗಿಲ ಚೌಕಟ್ಟು,
ಆರು ಚೀಲ ಜ್ವಾಳ
ನವನಗರದ ಟ್ರ್ಯಾಕ್ಟರ್ ಹತ್ತಿದುವು.
ಆ ಸೀರಿ ತುಂಡಿನ ಲೆಕ್ಕ ಅಪ್ಪ
ಪರಿಹಾರದ ಅರ್ಜಿಯೊಳಗ ಬರೀಲಿಲ್ಲ.

ಹೋದ ಆಷಾಢದಾಗ ಗಾಳಿ ಬಿಟ್ಟು
ರಾತ್ರಿಯೆಲ್ಲಾ ತೆರಿ ಹಿಂಬದಿಗೆ ಗುದ್ದಿದುವು.
ಬೂಚು ನನ್ನ ಅಂಗಿ ಕಿಸೆದಾಗಿತ್ತು,
ಅಂಗಿ ಹೆರಕಲ್ಲಿನ್ಯಾಗ, ಮನಿ ಹಗ್ಗದಮ್ಯಾಲ.
ಮುಂಜಾನೆ ಕೀಲಿ ತಿರುವಿದೆ: ಟಕ್.
ಒಂದ ಸಲ. ಆಮ್ಯಾಲ ಏನೂ ಇಲ್ಲ.
ದಂಡೀಮ್ಯಾಲ ಹನ್ನೊಂದು ಮಂದಿ, ಎರಡು ಆಡು,
ಹಲ್ಲು ಕೀಳಿಸಿಕೊಳ್ಳಾಕ ಹೊಂಟ ಒಬ್ಬ ಮಾಸ್ತರ,
ಗಲ್ಲ ಹಿಡಕೊಂಡು ನನ್ನ ನೋಡಾಕತ್ತಿದ್ದ.

ರಾಜೇಸಾಬ ನದಾಫ ಬಂದು ಅಳತಿಕಡ್ಡಿ ಎಳದ.
ಎಣ್ಣಿ ಚಹಾದಂಗ ಆಗಿತ್ತು, ಹಾಲು ಜಾಸ್ತಿ ಹಾಕಿದ್ದು.
“ಕುಡೀತೀಯೇನ?” ಅಂದ.
“ಗಾಳಿ ಒತ್ತಿದ್ರ ಕುಗ್ಗತೈತಿ, ನೀರು ಕುಗ್ಗೂದಿಲ್ಲಲೇ.
ಇನ್ನೊಂದ ಸಲ ತಿರುವಿದ್ರ
ರಾಡು ಕುಡಗೋಲಾಗತಿತ್ತು.”
ನಾಝಲ್ ಬಿಚ್ಚಿ ಕೈಲೆ ಚಕ್ರ ತಿರುವಿದ.
ನೀರು ಚಿಮ್ಮಿ ಅವನ ಗಡ್ಡಕ್ಕ ಬಿತ್ತು.
ನನ್ನ ಕಡೆ ನೋಡಲಾರದ ಒರಸಿಕೊಂಡ.
ಎಣ್ಣಿ ಮೂರ ಸಲ ಬದಲಿಸಿದೆವು,
ನನ್ನ ಒಂದು ತಿಂಗಳ ಪಗಾರ.

ಆಮ್ಯಾಲ ಅಂವ ಕೊಳವಿಗೆ ಕುತ್ತಿಗಿ ಕೂಡಿಸಿದ:
ನೀರಿನ ಗೆರಿಗಿಂತ ಎರಡು ಗೇಣು ಮ್ಯಾಲೆದ್ದು
ಬೆಳ್ಳಕ್ಕಿಯಂಗ ಡೊಂಕಾಗಿ ಕೆಳಗಿಳಿಯೂ ಕುತ್ತಿಗಿ.
ತುದಿಗೆ ಟಾಯರಿನ ನಾಲಿಗಿ ಹೊಡದ,
ಒಳಗಿಂದು ಹೊರಗ ಬಿಡತೈತಿ, ಹೊರಗಿಂದು ಬಂದ್ರ ಮುಚ್ಚಿಕೊಳ್ಳತೈತಿ.
“ನಿನಗೂ ಒಂದು ಹೊಡೀಬೇಕಾಗಿತ್ತು” ಅಂದ.

ಇಷ್ಟೆಲ್ಲಾ ಇದ್ರೂ ರಾತ್ರಿ ಬೂಚು ಬೇಕ.
ಹತ್ತ ಎಣಿಸೂದ್ರಾಗ ಎಂಜಿನ್ ಹತ್ತಲಿಲ್ಲಂದ್ರ
ಒಳಗಿನ ನೀರಿನ ವಾಲು ಮುಚ್ಚು.
ಪಂಪು ಪಾಪ ಒಳ್ಳೇದು,
ತಣ್ಣಗ ಮಾಡಾಕ ಹೋಗಿ ಮುಳುಗಸತೈತಿ.

ಮ್ಯಾ ತಿಂಗಳ ನೀರು ಇಳದಾಗ ಕಿಲ್ಲಾಕ್ಕ ನಡಕೋತ ಹೋಗಿದ್ದೆ.
ಗ್ವಾಡಿ ಮೊಳಕಾಲುದ್ದ ಉಳದಾವು.
ಬಚ್ಚಲಗಲ್ಲು ಹಂಗ ಐತಿ, ಸೀರಿ ತುಂಡಿಲ್ಲ,
ತೂಬಿನ್ಯಾಗ ಒಂದು ಏಡಿ.
ಕೈ ಹಾಕಾಕ ಬಿಡಲಿಲ್ಲ.
ಹೊರಗಿಂದ ಬೆಟ್ಟಿಟ್ಟು ಅಳದೆ: ನಾಕು ಬೆಟ್ಟು.
ನಮ್ಮ ಕೊಳವಿದೂ ನಾಕ.
ಈ ಬೇವಿನ ಬೂಚು ಅವತ್ತ ಕೆತ್ತಿದ್ದು.

ಹೂಂ, ಬಗ್ಗು. ಬೋಟು ವಾಲತೈತಿ, ಹೆದರಬ್ಯಾಡ.
ಕಿತ್ತೇನು? ದಾರ ಕೊಳ್ಳಾಗ ಹಾಕ್ಕೊ.
ಈಗ ತಿರುವು.
ಮುಂದ ನೋಡಬ್ಯಾಡ, ಹಿಂದ ಕೇಳು.
ನೀರು ಉಗಳಾಕತ್ತೇತೇನು?
ಫುಸ್, ಫುಸ್, ಮುದುಕ ಎಲಡಕಿ ಉಗಳಿದಂಗ?

ಹಂಗಾರ ಹಗ್ಗ ಬಿಚ್ಚು.